ಖಾಲೂ ಹೇಳಿದ್ದೇ ಸರಿ

ರಜೆಯಲ್ಲಿ ಖಾಲಾ ಮನೆಗೆ ಹೋಗಿದ್ದಾಗ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋಣಾರ್ ಸರೋವರ ನೋಡಿದೆ. ಸುಮಾರು 1.8 ಕಿಲೋಮೀಟರ್ ಅಗಲದ ದುಂಡನೆಯ ಕುಳಿ, ತಳದಲ್ಲಿ ಹಸಿರು ನೀರು. "ಉಲ್ಕೆ ಬಿದ್ದು ಆದದ್ದು ಬೇಟಿ" ಎಂದರು ಖಾಲೂ. ನಾನು ಒಪ್ಪಲಿಲ್ಲ. ಸುತ್ತಲೂ ಇದ್ದದ್ದು ನಮ್ಮ ಗೋಲಗುಮ್ಮಟಕ್ಕೆ ಬಳಸಿದಂಥ ಕರಿಕಲ್ಲು. ಅದು ಲಾವಾ ಆರಿ ಆದ ಕಲ್ಲೆಂದು ಓದಿದ್ದೆ. ಕಾಲೇಜಿನ ಸೆಮಿನಾರಿನಲ್ಲಿ "ಇದು ಜ್ವಾಲಾಮುಖಿಯ ಬಾಯಿ, ಉಲ್ಕೆಯ ಮಾತು ಬರೀ ಕಟ್ಟುಕಥೆ" ಎಂದುಬಿಟ್ಟೆ. ಗೆಳತಿಯರು ಚಪ್ಪಾಳೆ ತಟ್ಟಿದರು. ಮೇಡಂ ಮಾತ್ರ, "ಸಾಕ್ಷಿ ಏನಮ್ಮ?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಒಂದು ವಾರ ಲೈಬ್ರರಿಯಲ್ಲಿ ಕುಳಿತೆ. ಕುಳಿಯ ತಳ ಕೊರೆದು ತೆಗೆದ ಕಲ್ಲನ್ನು ಪರೀಕ್ಷಿಸಿದ ಅಧ್ಯಯನ 1973ರಲ್ಲೇ ಪ್ರಕಟವಾಗಿತ್ತು. ಸಾಕ್ಷಿ ಆ ಕಲ್ಲಿನ ಒಳಗೇ ಇತ್ತು.

ಕರಿಕಲ್ಲಿನಲ್ಲಿ ಫೆಲ್ಡ್‌ಸ್ಪಾರ್ ಎಂಬ ಖನಿಜದ ಸಣ್ಣ ಹರಳುಗಳಿರುತ್ತವೆ. ಅವುಗಳ ಪರಮಾಣುಗಳು ಜಮಾತಿನ ಸಫ್‌ಗಳಂತೆ ಸಾಲಾಗಿ ನಿಂತಿರುತ್ತವೆ. ಉಲ್ಕೆ ಅಪ್ಪಳಿಸಿದಾಗ ಕ್ಷಣಾರ್ಧದಲ್ಲಿ ವಾಯುಮಂಡಲದ ಒತ್ತಡದ ಸುಮಾರು ಮೂರು ಲಕ್ಷ ಪಟ್ಟು ಒತ್ತಡ ಅವುಗಳ ಮೇಲೆ ಬೀಳುತ್ತದೆ. ಹರಳು ಕರಗುವುದಿಲ್ಲ, ಹೊರಗಿನ ಆಕಾರವೂ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ. ಆದರೆ ಒಳಗಿನ ಸಾಲುಗಳು ಚದುರಿ ಅದು ಗಾಜಾಗುತ್ತದೆ. ಇದರ ಹೆಸರು ಮ್ಯಾಸ್ಕೆಲಿನೈಟ್. ಇದನ್ನು ಮೊದಲು ಗುರುತಿಸಿದ್ದು 1865ರಲ್ಲಿ ಬಿಹಾರದ ಶೇರ್‌ಘಾಟಿಯಲ್ಲಿ ಬಿದ್ದ ಉಲ್ಕಾಶಿಲೆಯಲ್ಲಿ. ಭೂಮಿಯೊಳಗೆ 35 ಕಿಲೋಮೀಟರ್ ಆಳದಲ್ಲೂ ಒತ್ತಡ ಹತ್ತು ಸಾವಿರ ಪಟ್ಟಿನಷ್ಟೇ. ಹಾಗಾಗಿ ಜ್ವಾಲಾಮುಖಿ ಈ ಕೆಲಸ ಮಾಡಲಾರದು.

ಗುರುತಿಸುವುದು ಹೇಗೆ? ನಾವು ಭೌತಶಾಸ್ತ್ರದಲ್ಲಿ ಓದುವ ಧ್ರುವೀಕರಣವೇ ಸಾಕು. ಕಲ್ಲನ್ನು 0.03 ಮಿಲಿಮೀಟರ್ ದಪ್ಪಕ್ಕೆ ಉಜ್ಜಿ, ಒಂದಕ್ಕೊಂದು ಅಡ್ಡವಾಗಿಟ್ಟ ಎರಡು ಪೋಲರಾಯ್ಡ್‌ಗಳ ನಡುವೆ ಸೂಕ್ಷ್ಮದರ್ಶಕದಲ್ಲಿ ತಿರುಗಿಸಬೇಕು. ಪೆಟ್ಟು ತಿನ್ನದ ಹರಳು ಬೆಳಗಿ, ಆರಿ, ಮತ್ತೆ ಬೆಳಗುತ್ತದೆ. ಗಾಜಾದ ಹರಳು ಎಷ್ಟು ತಿರುಗಿಸಿದರೂ ಕಪ್ಪಾಗಿಯೇ ಇರುತ್ತದೆ.

ನಾನು ಹೇಳಿದ್ದರಲ್ಲಿ ಅರ್ಧ ಸರಿ: ಕಲ್ಲು ಲಾವಾದ್ದೇ, ಸುಮಾರು 6.6 ಕೋಟಿ ವರ್ಷ ಹಳೆಯದು. ಕುಳಿ ಮಾತ್ರ ಬಹಳ ಕಾಲದ ನಂತರ ಮೇಲಿನಿಂದ ಬಂದ ಪೆಟ್ಟಿನದು.

ಮುಂದಿನ ಸೋಮವಾರ ಅದೇ ತರಗತಿಯ ಮುಂದೆ ನಿಂತು, "ಹೋದ ಸಲ ನಾನು ತಪ್ಪು ಹೇಳಿದೆ" ಎಂದು ಶುರುಮಾಡಿದೆ. ದನಿ ನಡುಗುತ್ತಿತ್ತು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ, ಆದರೆ ಮೂವರು ಪ್ರಶ್ನೆ ಕೇಳಿದರು. ಮೂವರಿಗೂ ಉತ್ತರ ಕೊಟ್ಟೆ.

ಸಂಜೆ ಖಾಲೂಗೆ ಫೋನ್ ಮಾಡಿ ಮಾಫಿ ಕೇಳಿದೆ. ಅವರು ನಕ್ಕು, "ನನಗೂ ಸಾಕ್ಷಿ ಗೊತ್ತಿರಲಿಲ್ಲ ಬೇಟಿ. ಈಗ ಹೇಳು, ಕೇಳ್ತೀನಿ" ಎಂದರು.