ಗೀರೋ, ವಿಭೂತಿಯೋ?

ಛಾಯಾಚಿತ್ರವು ಕಾಲವನ್ನು ಹಿಡಿದಿಡುತ್ತದೆಂದು ಎಲ್ಲರೂ ಹೇಳುವುದುಂಟು. ಆದರೆ ಚಿತ್ರದ ತಾಯಿಯಾದ ನೆಗೆಟಿವನ್ನು ಜೋಪಾನ ಮಾಡುವವರು ವಿರಳ. ನಮ್ಮ ಮಾಗನೂರಿನ ವೃದ್ಧ ಉಪಾಧ್ಯಾಯರೊಬ್ಬರ ಮನೆಯ ತಗಡಿನ ಪೆಟ್ಟಿಗೆಯಲ್ಲಿ ಹಳೆಯ ಶಾಲಾ ಸಮೂಹಚಿತ್ರಗಳ ನೆಗೆಟಿವುಗಳು ದೊರೆತವು. 1956ರಲ್ಲಿ ಹೈದರಾಬಾದ್ ರಾಜ್ಯವು ಹಂಚಿಹೋದಾಗ ರಾಯಚೂರು ಮೈಸೂರು ರಾಜ್ಯವನ್ನು ಸೇರಿತು. ಮಾಗನೂರು ಆಂಧ್ರಪ್ರದೇಶಕ್ಕೆ ಸೇರಿ, 2014ರಲ್ಲಿ ತೆಲಂಗಾಣದ್ದಾಯಿತು. ಗಡಿಯ ಈಚೆಗೆ ಉಳಿದ ಕನ್ನಡ ಶಾಲೆಗೆ ಇಂತಹ ಚಿತ್ರಗಳು ಬರಿಯ ನೆನಪಲ್ಲ, ದಾಖಲೆಯೂ ಹೌದು. ಆದುದರಿಂದ ಅವನ್ನು ರಾಯಚೂರಿನ ಸ್ಟುಡಿಯೋವೊಂದಕ್ಕೆ ಒಯ್ದೆನು.

ಕಚೇರಿಯ ಸಾಮಾನ್ಯ ಸ್ಕ್ಯಾನರು ಕಾಗದದಿಂದ ಹಿಂದಿರುಗುವ ಬೆಳಕನ್ನು ಓದುತ್ತದೆ. ನೆಗೆಟಿವಿಗೆ ಅದು ಒದಗದು. ಬೆಳಕು ಫಿಲ್ಮನ್ನು ಹಾದುಬರಬೇಕು. 36 ಮಿ.ಮೀ. ಅಗಲದ ಚಿತ್ರವನ್ನು ಅಂಗುಲಕ್ಕೆ 2400 ಬಿಂದುಗಳಂತೆ ಓದಿದರೆ ಸುಮಾರು 3400 ಬಿಂದುಗಳಾಗುತ್ತವೆ. ಮುದ್ರಣಕ್ಕೆ ಅಂಗುಲಕ್ಕೆ 300ರಂತೆ ಭಾಗಿಸಿದರೆ 11 ಅಂಗುಲಕ್ಕೂ ಮಿಗಿಲಾದ ಚಿತ್ರ ಸಿದ್ಧ. ನಮ್ಮ ಐದನೆಯ ತರಗತಿಯ ಮಕ್ಕಳೂ ಮಾಡಬಹುದಾದ ಲೆಕ್ಕವಿದು. ಫಿಲ್ಮನ್ನು ಮಗುಚಿಟ್ಟರೆ ಎಡವು ಬಲವಾಗುತ್ತದೆ. ಮುಂದಿನ ಸಾಲಿನ ಬಾಲಕನು ಹಿಡಿದ ಪಾಟಿಯ ಮೇಲಿನ ಕನ್ನಡ ಅಕ್ಷರಗಳೇ ನಮಗೆ ಸರಿಯಾದ ಮಗ್ಗುಲನ್ನು ತೋರಿಸಿಕೊಟ್ಟವು.

ನಿಜವಾದ ಕಷ್ಟವಿದ್ದುದು ಧೂಳು ಗೀರುಗಳಲ್ಲಿ. ಬಣ್ಣದ ಫಿಲ್ಮಿನ ವರ್ಣಗಳು ಅವಕೆಂಪು ಕಿರಣವನ್ನು ಬಿಟ್ಟುಕೊಡುತ್ತವೆ, ಧೂಳು ತಡೆಯುತ್ತದೆ; ಈ ಭೇದವನ್ನರಿತು ಕೆಲವು ಯಂತ್ರಗಳು ಧೂಳಿನ ಕಲೆಗಳನ್ನು ತಾವೇ ಅಳಿಸುತ್ತವೆ. ನಮ್ಮ ಕಪ್ಪು-ಬಿಳುಪು ಫಿಲ್ಮಿನಲ್ಲಾದರೋ ಚಿತ್ರವೇ ಬೆಳ್ಳಿಯ ಕಣಗಳಿಂದಾದುದು. ಬೆಳ್ಳಿಯೂ ಆ ಕಿರಣವನ್ನು ತಡೆಯುವುದರಿಂದ, ಚಿತ್ರವಾವುದು ಧೂಳಾವುದು ಯಂತ್ರಕ್ಕೆ ತಿಳಿಯದು. ಒಂದೊಂದು ಕಲೆಯನ್ನೂ ಮನುಷ್ಯನೇ ನೋಡಿ ತೆಗೆಯಬೇಕು. ಸ್ಟುಡಿಯೋದ ತರುಣನು ಹಿಂದಿನ ಸಾಲಿನ ಹುಡುಗನೊಬ್ಬನ ಹಣೆಯ ಮೂರು ಬಿಳಿಯ ಗೆರೆಗಳನ್ನು ಗೀರುಗಳೆಂದು ಬಗೆದು ಅಳಿಸಹೊರಟನು. “ತಡಿ ತಮ್ಮಾ, ಅದು ವಿಭೂತಿ!” ಎಂದೆನು. ಅವನು ನಕ್ಕು ಕೈ ಹಿಂತೆಗೆದನು.

ಊರನ್ನು ಬಲ್ಲವರು ಇರುವಾಗಲೇ ಈ ಕೆಲಸ ನಡೆಯಬೇಕು. ಸಹೋದ್ಯೋಗಿಗಳೇ, ತಿದ್ದದ ಮೊದಲ ಪ್ರತಿಯೊಂದನ್ನು ಬೇರೆಯಾಗಿ ಇಡಿರಿ. ಹಿರಿಯರನ್ನು ಕೇಳಿ ಮುಖಮುಖಕ್ಕೂ ಹೆಸರು ಬರೆಯಿರಿ. ಅಚ್ಚಾಯಿತೆಂದು ನೆಗೆಟಿವನ್ನು ಎಸೆಯದೆ, ಕಾಗದದ ಲಕೋಟೆಯಲ್ಲಿರಿಸಿ ತಂಪಾದ ಒಣ ಸ್ಥಳದಲ್ಲಿ ಕಾಪಾಡಿರಿ. ಮುಂದೆ ಇನ್ನೂ ಉತ್ತಮ ಯಂತ್ರ ಬಂದರೆ ಅದನ್ನೇ ಮತ್ತೆ ಓದಿಸಬಹುದು. ಆದರೆ ಹೆಸರು ಬಲ್ಲ ಹಿರಿಯರನ್ನು ಯಾವ ಯಂತ್ರವೂ ಮರಳಿ ತಾರದು. ವಿಭೂತಿಯ ಆ ಹುಡುಗನ ಹೆಸರು ಇನ್ನೂ ಯಾರಿಂದಲೂ ತಿಳಿದಿಲ್ಲ. ಪಟ್ಟಿಯಲ್ಲಿ ಅವನ ಸ್ಥಾನವನ್ನು ಖಾಲಿ ಬಿಟ್ಟಿದ್ದೇನೆ.