ಖತಾಯಿ ತಟ್ಟೆ

ನನ್ನ ಮಗಳು ಅದನ್ನು ಕುಕ್ಕೀಸ್ ಎನ್ನುತ್ತಾಳೆ. ಬೇಕರಿಯ ಗಾಜಿನ ಡಬ್ಬಿಯ ಮೇಲೆ ನಾನ್‌ಕಟಾಯಿ ಎಂದು ಬರೆದಿರುತ್ತದೆ. ನಮ್ಮ ಮನೆಯಲ್ಲಿ ಮಾತ್ರ ಅದು ಬರೀ ಖತಾಯಿ. ಕಳೆದ ಈದ್‌ಗೆ ಎರಡು ದಿನ ಇರುವಾಗ ಹಿಟ್ಟಿನ ಉಂಡೆ ಕಟ್ಟುತ್ತಾ ಅವಳು ಕೇಳಿದಳು: "ಮಮ್ಮಿ, ನಾವು ತಿನ್ನೋದು ಹತ್ತೋ ಹನ್ನೆರಡೋ. ನೂರು ಯಾಕೆ ಮಾಡೋದು?" ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಕಥೆ ಬರೆಯುವವರ ಹಣೆಬರಹವೇ ಇಷ್ಟು, ಕೇಳಿದಾಗ ಬಾಯಿ ಬರುವುದಿಲ್ಲ. ಅವಳಿಗೆ ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಬೆಳೆದದ್ದು ಮೈಸೂರಿನ ಮಂಡಿ ಮೊಹಲ್ಲಾದ ಒಂದು ಗಲ್ಲಿಯಲ್ಲಿ. ಅಲ್ಲಿಂದ ಅಶೋಕ ರಸ್ತೆಗೆ ನಡೆದು ಬಂದರೆ ಮಸ್ಜಿದೆ ಆಜಮ್, ಅದೇ ರಸ್ತೆಯಲ್ಲಿ ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರಗಳು. ನಮ್ಮ ಗಲ್ಲಿಯ ತಿರುವಿನಲ್ಲಿ ಒಂದು ಭಟ್ಟಿ ಇತ್ತು. ಮನೆಮನೆಯಲ್ಲೂ ಸೀಮೆಎಣ್ಣೆ ಸ್ಟವ್ ಅಥವಾ ಸೌದೆ ಒಲೆ. ಬೇಯಿಸಬಹುದು, ಕರಿಯಬಹುದು, ಆದರೆ ಮೇಲೂ ಕೆಳಗೂ ಒಂದೇ ಹದದ ಬಿಸಿ ಕೊಡುವ ಒಲೆ ಯಾರ ಮನೆಯಲ್ಲೂ ಇರಲಿಲ್ಲ. ಹಾಗಾಗಿ ಹಿಟ್ಟು ನಮ್ಮದು, ಬೆಂಕಿ ಭಟ್ಟಿಯದು. ರಂಜಾನಿನ ಕೊನೆಯ ವಾರ ಖತಾಯಿ ತಟ್ಟೆಗಳು, ಡಿಸೆಂಬರಿನಲ್ಲಿ ಕ್ರೈಸ್ತರ ಮನೆಗಳ ಕೇಕಿನ ತಟ್ಟೆಗಳು, ಬೇಸಿಗೆ ರಜೆಯಲ್ಲಿ ಮೈದಾ, ಸಕ್ಕರೆ, ಡಾಲ್ಡಾ ಹೊತ್ತು ತಂದು ಬಿಸ್ಕತ್ತು ಮಾಡಿಸಿಕೊಂಡು ಹೋಗುವ ಎಲ್ಲ ಜಾತಿಯ ಮನೆಗಳ ಮಕ್ಕಳು. ಎಲ್ಲರೂ ನಿಲ್ಲುತ್ತಿದ್ದುದು ಒಂದೇ ಸಾಲಿನಲ್ಲಿ.

ಭಟ್ಟಿಯ ಯಜಮಾನರನ್ನು ಇಡೀ ಗಲ್ಲಿ ಚಾಚಾ ಎಂದೇ ಕರೆಯುತ್ತಿತ್ತು. ಇಟ್ಟಿಗೆ ಗೂಡಿನ ಒಳಗೇ ಸೌದೆ ಉರಿಸಿ, ಗೂಡು ಚೆನ್ನಾಗಿ ಕಾದ ಮೇಲೆ ಕೆಂಡವನ್ನು ಎಳೆದುಹಾಕಿ, ಮೊದಲು ಬ್ರೆಡ್ಡು, ಆಮೇಲೆ ಬನ್ನು. ಅವೆರಡೂ ಮುಗಿದು ಗೂಡಿನ ಕಾವು ಇಳಿದ ಮೇಲೆ ಖತಾಯಿಯ ಸರದಿ. ಖತಾಯಿಗೆ ಬೇಕಾದದ್ದು ಉರಿಬಿಸಿಯಲ್ಲ, ಇಳಿಬಿಸಿ. ಅವಸರ ಮಾಡಿದರೆ ತಳ ಸೀದು ಒಳಗೆ ಹಸಿ ಉಳಿಯುತ್ತದೆ. ರೋಜಾ ಇಟ್ಟುಕೊಂಡೇ ಚಾಚಾ ಆ ಗೂಡಿನ ಬಾಯಿಯ ಮುಂದೆ ನಿಂತು, ದೋಣಿಯ ಹುಟ್ಟಿನಂಥ ಉದ್ದ ಹಲಗೆಯಿಂದ ತಟ್ಟೆಗಳನ್ನು ಒಳಗೆ ತಳ್ಳುತ್ತಿದ್ದರು. ಹಸಿದ ಹೊಟ್ಟೆಯಲ್ಲಿ ಆ ಏಲಕ್ಕಿಯ ಪರಿಮಳ ಕುಡಿಯುತ್ತಾ ನಿಲ್ಲುವುದೇ ದೊಡ್ಡ ಪರೀಕ್ಷೆ.

ಮನೆಯಲ್ಲಿ ಕೆಲಸ ಸಹರಿ ಮುಗಿದ ಕೂಡಲೇ ಶುರು. ಬಿಸಿಲೇರಿದರೆ ತುಪ್ಪ ಕರಗಿ ಖತಾಯಿ ತಟ್ಟೆಯ ಮೇಲೆ ಹರಡಿಕೊಂಡುಬಿಡುತ್ತದೆ. ನಮ್ಮ ಮನೆಯಲ್ಲಿ ತುಪ್ಪ ನಾಲ್ಕು ಚಮಚ, ಉಳಿದದ್ದೆಲ್ಲ ಡಾಲ್ಡಾ. ಅಗ್ಗವೆಂಬುದು ಒಂದು ಕಾರಣ, ಬೇಗ ಕರಗುವುದಿಲ್ಲ ಎಂಬುದು ಇನ್ನೊಂದು. ಅಮ್ಮಿ ದೊಡ್ಡ ತಟ್ಟೆಯಲ್ಲಿ ಡಾಲ್ಡಾ ಮತ್ತು ಪುಡಿಸಕ್ಕರೆ ಹಾಕಿ ಅಂಗೈಯಲ್ಲಿ ತಿಕ್ಕುತ್ತಿದ್ದರು, ಅದು ಬೆಣ್ಣೆಯ ಹಾಗೆ ಬೆಳ್ಳಗಾಗಿ ಹಗುರಾಗುವವರೆಗೆ. ಕಾಲು ಕೇಜಿ ಜಿಡ್ಡು, ಕಾಲು ಕೇಜಿ ಸಕ್ಕರೆ, ಅರ್ಧ ಕೇಜಿ ಮೈದಾ. ಒಂದು ಹಿಡಿ ಕಡಲೆಹಿಟ್ಟು, ಎರಡು ಚಮಚ ಚಿರೋಟಿ ರವೆ, ಒಂದು ಚಮಚ ಮೊಸರು, ಚಿಟಿಕೆ ಸೋಡಾ. ನೀರು ಒಂದು ಹನಿಯೂ ಇಲ್ಲ. ಮೊಟ್ಟೆಯೂ ಇಲ್ಲ. ರೋಜಾ ಇರುವುದರಿಂದ ರುಚಿ ನೋಡುವಂತಿಲ್ಲ, ಎಲ್ಲ ಕೈಯ ಅಂದಾಜು. ಉಂಡೆಯನ್ನು ಸ್ವಲ್ಪ ಒತ್ತಿ ನಡುವೆ ಒಂದು ಚಾರೋಳಿ ಕೂರಿಸಿದರೆ ಅದು ನಮ್ಮ ಮನೆಯ ಗುರುತು. ಕೆಲವರದು ಲವಂಗ, ಕೆಲವರದು ಬೀಗದ ಕೈಯ ಅಚ್ಚು.

ಭಟ್ಟಿಯಲ್ಲಿ ನನಗೊಂದು ಹುದ್ದೆಯೂ ಇತ್ತು. ನಾನು ನಾಲ್ಕನೆಯವರೆಗೆ ಉರ್ದು ಶಾಲೆ, ಐದರಿಂದ ಕನ್ನಡ ಶಾಲೆ. ಚಾಚಾಗೆ ಬರುತ್ತಿದ್ದುದು ಉರ್ದು ಮಾತ್ರ, ತಟ್ಟೆ ಜೋಡಿಸುವ ಹುಡುಗನಿಗೆ ಕನ್ನಡ ಮಾತ್ರ. ಹಾಗಾಗಿ ಪ್ರತಿ ತಟ್ಟೆಯ ಚೀಟಿಯಲ್ಲೂ ಹೆಸರನ್ನು ಎರಡು ಲಿಪಿಯಲ್ಲಿ ಬರೆಯುವ ಕೆಲಸ ನನ್ನದು. ತಟ್ಟೆ ಒಳಗೆ ಹೋದ ಸಾಲಿನಲ್ಲೇ ಚೀಟಿಗಳನ್ನು ಕಟ್ಟೆಯ ಮೇಲೆ ಕಲ್ಲಿಟ್ಟು ಜೋಡಿಸುತ್ತಿದ್ದರು. ನನ್ನ ಬರಹವನ್ನು ಬೇರೆಯವರು ಮೊದಲ ಬಾರಿ ಗಮನವಿಟ್ಟು ಓದಿದ್ದು ಅಲ್ಲಿಯೇ. ಅಕ್ಷರ ತಪ್ಪಿದರೆ ಒಬ್ಬರ ಖತಾಯಿ ಇನ್ನೊಬ್ಬರ ಮನೆಗೆ!

1991ರಲ್ಲಿ ಯುಗಾದಿಯ ಬೆನ್ನಿಗೇ ರಂಜಾನ್ ಬಂತು. ನಾನು ಆಗ ಆರನೆಯ ತರಗತಿ. ಅಬ್ಬಾ ಟಾಂಗಾ ಓಡಿಸುತ್ತಿದ್ದವರು. ಆ ವರ್ಷ ಬಿದ್ದು ಕಾಲು ಮುರಿದುಕೊಂಡು ಮಲಗಿದ್ದರು, ಕುದುರೆ ಮಾರಾಟವಾಗಿತ್ತು. ಅಮ್ಮಿ ಊದುಬತ್ತಿ ಹೊಸೆದು ತರುತ್ತಿದ್ದ ದುಡ್ಡಿನಲ್ಲೇ ಮನೆ ನಡೆಯಬೇಕು. ಸಾವಿರ ಕಡ್ಡಿಗೆ ಇಷ್ಟು ಎಂಬ ಲೆಕ್ಕ. ಈ ಸಲ ಖತಾಯಿ ಬೇಡ ಎಂದು ಅಬ್ಬಾ ಹೇಳಿದರು. ಅಮ್ಮಿ ಗೂಡಿನ ಕಡೆ ನೋಡಿದರು. ಅಲ್ಲಿ ಎದುರು ಮನೆಯ ಅಕ್ಕನ ಸ್ಟೀಲ್ ತಟ್ಟೆ ಇತ್ತು, ಯುಗಾದಿಗೆ ಒಬ್ಬಟ್ಟು ಹೊತ್ತು ಬಂದದ್ದು. "ಅವರ ತಟ್ಟೆ ಖಾಲಿ ಹೋಗೋದಾ?" ಎಂದರು, ಅಷ್ಟೆ.

ಅಮ್ಮಿ ಡಾಲ್ಡಾ ಅರ್ಧಕ್ಕರ್ಧ ಕಡಿಮೆ ಮಾಡಿದರು. ಹಿಟ್ಟು ಕೂಡಿಕೊಳ್ಳಲಿಲ್ಲ. ಕೊನೆಗೆ ನೀರು ಚಿಮುಕಿಸಿ ಉಂಡೆ ಕಟ್ಟಿದರು. ಚಾರೋಳಿ ತರಲಿಲ್ಲ, ಹೆಬ್ಬೆರಳ ಗುರುತು ಮಾತ್ರ. ತಟ್ಟೆಯ ಮೇಲೆ ಸೆರಗಿನ ಬಟ್ಟೆ ಹೊದಿಸಿ, "ಯಾರಿಗೂ ತೆಗೆದು ತೋರಿಸಬೇಡ" ಎಂದು ನನ್ನ ತಲೆಯ ಮೇಲಿಟ್ಟರು.

ಚಾಚಾ ಬಟ್ಟೆ ತೆಗೆದರು. ಒಂದು ಉಂಡೆ ಎತ್ತಿ ಎರಡು ಬೆರಳಲ್ಲಿ ಒತ್ತಿದರು, ಅದು ಪುಡಿಯಾಗಿ ಉದುರಿತು. ಒಂದು ಮನೆಯ ಸ್ಥಿತಿ ಹಿಟ್ಟಿನಲ್ಲಿ ಹೇಗೆ ಗೊತ್ತಾಗುತ್ತದೆಂದು ನಾನು ಅಂದು ನೋಡಿದೆ. ಅವರು ಚೀಟಿ ಓದಿದರು, ನನ್ನ ಮುಖ ನೋಡಿದರು. ಹಿಂದೆ ಸಾಲಿನಲ್ಲಿ ನಿಂತವರಿಗೆ ಕೇಳುವ ಹಾಗೆ, "ದಾರಿಯಲ್ಲಿ ಬಿಸಿಲಿಗೆ ಹಿಟ್ಟು ಒಣಗಿದೆ ಬೇಟಾ. ಈ ಸಲ ಬಿಸಿಲು ಜಾಸ್ತಿ" ಎಂದರು. ತಮ್ಮ ಡಬ್ಬಿಯಿಂದ ದೊಡ್ಡ ಸೌಟಿನಲ್ಲಿ ಡಾಲ್ಡಾ ತೆಗೆದು ನಮ್ಮ ಹಿಟ್ಟನ್ನೆಲ್ಲ ಒಟ್ಟುಮಾಡಿ ತಿಕ್ಕಿದರು. ಮತ್ತೆ ಉಂಡೆ ಕಟ್ಟಿದರು. ತಟ್ಟೆ ಹೊರಗೆ ಬಂದಾಗ ಎಲ್ಲರ ಹತ್ತಿರ ತೆಗೆದುಕೊಳ್ಳುವಷ್ಟೇ ಕೂಲಿಯನ್ನು ನನ್ನಿಂದಲೂ ಎಣಿಸಿ ತೆಗೆದುಕೊಂಡರು. ಪಾಪದ ಮನೆ, ಕೂಲಿಯನ್ನಾದರೂ ಬಿಡಬಾರದಿತ್ತೇ ಎಂದು ದಾರಿಯುದ್ದಕ್ಕೂ ನನಗೆ ಸಿಟ್ಟು. ಕೂಲಿ ಬಿಟ್ಟಿದ್ದರೆ ಅದು ಖೈರಾತು ಆಗುತ್ತಿತ್ತು, ಸಾಲಿನಲ್ಲಿದ್ದವರೆಲ್ಲ ತಿಳಿಯುತ್ತಿದ್ದರು ಎಂಬುದು ಅರ್ಥವಾಗಲು ನನಗೆ ಬಹಳ ವರ್ಷ ಬೇಕಾಯಿತು.

ಅಮ್ಮಿಗೆ ಅರ್ಥವಾಗಲು ಕ್ಷಣವೂ ಬೇಕಾಗಲಿಲ್ಲ. ಒಂದು ಖತಾಯಿ ಮುರಿದು ಅದರ ಬಿರುಕು ನೋಡಿದರು, ಬೆರಳು ಮೂಸಿದರು, ಸುಮ್ಮನಾದರು. ಅಕ್ಕನ ತಟ್ಟೆ ತುಂಬಿಹೋಯಿತು. ಮರುವರ್ಷ ಅಬ್ಬಾ ಎದ್ದು ಓಡಾಡುವ ಹೊತ್ತಿಗೆ, ಖತಾಯಿ ತಟ್ಟೆಯ ಜೊತೆ ಅಮ್ಮಿ ಒಂದು ಡಬ್ಬಿ ಡಾಲ್ಡಾ ಕೊಟ್ಟು ಕಳಿಸಿದರು. "ಹೋದ ವರ್ಷ ಬಿಸಿಲು ಜಾಸ್ತಿ ಇತ್ತಲ್ಲ, ಅದಕ್ಕೆ ಅಂತ ಹೇಳು." ಚಾಚಾ ಡಬ್ಬಿ ತೆಗೆದುಕೊಂಡು ತಲೆಯಾಡಿಸಿದರು. ಇಬ್ಬರ ನಡುವೆ ಆ ವಿಷಯದಲ್ಲಿ ನಡೆದ ಮಾತು ಇಷ್ಟೇ.

ಖತಾಯಿ ಎಲ್ಲಿಂದ ಬಂತೆಂದು ದೊಡ್ಡವಳಾದ ಮೇಲೆ ಹುಡುಕಿದೆ. ಸೂರತ್ತಿನಲ್ಲಿ ಡಚ್ಚರು ಬಿಟ್ಟುಹೋದ ಭಟ್ಟಿಯಲ್ಲಿ ಪಾರ್ಸಿಗಳು ಇದನ್ನು ರೂಪಿಸಿದರೆಂಬುದು ಹೆಚ್ಚು ಪ್ರಚಾರದಲ್ಲಿರುವ ಕಥೆ. ನಾನ್ ಎಂದರೆ ಫಾರಸಿಯಲ್ಲಿ ರೊಟ್ಟಿ, ಖತಾ ಎಂಬುದು ಚೀನಾದ ಹಳೆಯ ಹೆಸರೆನ್ನುತ್ತಾರೆ. ಮೊಟ್ಟೆಯಿಲ್ಲದ ಬೇಕಿಂಗ್ ನಮ್ಮವರ ಸ್ವತ್ತೇನೂ ಅಲ್ಲ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಎಚ್.ಎಸ್. ತಿರುಮಲಾಚಾರ್ ತೆರೆದ ಬಿ.ಬಿ. ಬೇಕರಿಯಿಂದ ಹಬ್ಬಿದ ಅಯ್ಯಂಗಾರ್ ಬೇಕರಿಗಳ ಕಥೆಯೂ ಅದೇ. ನೀರು ತಾಗಿದರೆ ಖತಾಯಿ ಕಲ್ಲಾಗುವುದಕ್ಕೂ ವಿಜ್ಞಾನ ಕಾರಣ ಕೊಡುತ್ತದೆ. ಜಿಡ್ಡು ಹಿಟ್ಟಿನ ಕಣಗಳನ್ನು ಸುತ್ತಿಕೊಂಡರೆ ಅಂಟು ಹುಟ್ಟುವುದಿಲ್ಲ, ಹಾಗಾಗಿ ಬಾಯಲ್ಲಿ ಕರಗುತ್ತದೆ. ಇಂಥ ವಿಷಯ ಕಲಿಸುವ ಸಿಎಫ್‌ಟಿಆರ್‌ಐ ನಮ್ಮೂರಿನ ಚೆಲುವಾಂಬ ಮಹಲಿನಲ್ಲಿ 1950ರಿಂದಲೂ ಇದೆ. ಅಮ್ಮಿ ಅದರ ಗೇಟಿನ ಮುಂದೆ ಅಬ್ಬಾರ ಟಾಂಗಾದಲ್ಲಿ ಹಾದುಹೋಗಿದ್ದಾರೆ. ಅವರ ಅಂಗೈ ಮತ್ತು ಆ ಪ್ರಯೋಗಶಾಲೆ ಹೇಳುವುದು ಒಂದೇ ಮಾತು.

ಈಗ ಆ ತಿರುವಿನಲ್ಲಿ ಭಟ್ಟಿ ಇಲ್ಲ. ನಾವೂ ಊರಂಚಿನ ಬಡಾವಣೆಗೆ ಬಂದು ಬಹಳ ಕಾಲವಾಯಿತು. ನನ್ನ ಅಡುಗೆಮನೆಯಲ್ಲಿ ಕರೆಂಟಿನ ಓವನ್ ಇದೆ. 160 ಡಿಗ್ರಿ, ಇಪ್ಪತ್ತು ನಿಮಿಷ, ಗಂಟೆ ಬಾರಿಸಿದರೆ ಆಯಿತು. ಡಾಲ್ಡಾ ಬಿಟ್ಟು ತುಪ್ಪವನ್ನೇ ಹಾಕುತ್ತೇನೆ. ಹಬ್ಬ ಬೇಕೆಂದೇನೂ ಇಲ್ಲ, ಮಳೆ ಬಂದ ಸಂಜೆಯೂ ಮಗಳು ಒಂದು ತಟ್ಟೆ ಸುಟ್ಟುಬಿಡುತ್ತಾಳೆ. ನಿಜ ಹೇಳಬೇಕೆಂದರೆ ಅಮ್ಮಿಯದಕ್ಕಿಂತ ಅವಳ ಖತಾಯಿ ಚೆನ್ನ. ಆದರೆ ಈ ಹಿಟ್ಟನ್ನು ಯಾರೂ ಒತ್ತಿ ನೋಡುವುದಿಲ್ಲ. ಇನ್ನೊಬ್ಬರ ಬೆಂಕಿಯ ಹಂಗು ತಪ್ಪಿತು. ಜೊತೆಗೆ, ನಮ್ಮ ಕೊರತೆಯನ್ನು ಕಂಡು ಬಾಯಿ ಮುಚ್ಚಿಕೊಂಡು ತುಂಬಿಕೊಡುವವರೂ ತಪ್ಪಿದರು.

2022ರಲ್ಲಿ ಮತ್ತೆ ಯುಗಾದಿಯ ಮರುದಿನವೇ ರಂಜಾನ್ ಶುರುವಾಯಿತು. ಅಷ್ಟು ಹೊತ್ತಿಗೆ ಹಿಜಾಬಿನ ಗದ್ದಲ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅದರ ಹಿಂದೆಯೇ ಜಾತ್ರೆಗಳಲ್ಲಿ ನಮ್ಮವರ ಅಂಗಡಿ ಬೇಡವೆಂಬ ಕೂಗು, ಹೊಸತೊಡಕಿಗೆ ಹಲಾಲ್ ಮಾಂಸ ಕೊಳ್ಳಬೇಡಿರೆಂಬ ಕರೆ. ಮೇ 3ರಂದು ಈದ್, ಅದೇ ದಿನ ಬಸವ ಜಯಂತಿ. ನಮ್ಮ ಪಕ್ಕದ ಮನೆಯವರು ಸರ್ಕಾರಿ ಶಾಲೆಯಿಂದ ನಿವೃತ್ತರಾದ ಟೀಚರಮ್ಮ, ಲಿಂಗಾಯತರು. ಪ್ರತಿ ವರ್ಷ ಅವರಿಗೆ ಖತಾಯಿ ಹೋಗುತ್ತಿತ್ತು. ಆ ವರ್ಷ ನೂರು ಖತಾಯಿ ಸುಟ್ಟು ಡಬ್ಬಿ ತುಂಬಿಟ್ಟೂ ನನ್ನ ಕೈ ಮುಂದೆ ಹೋಗಲಿಲ್ಲ. ಅವರು ಏನಾದರೂ ಅಂದಾರೆಂಬ ಭಯವಲ್ಲ. ಏನೂ ಅನ್ನದೆ, ನಗುನಗುತ್ತಾ ತೆಗೆದುಕೊಂಡು, ಒಳಗೆ ಹೋಗಿ ತಿನ್ನದೆ ಬಿಟ್ಟರೆ? ಕೊನೆಗೆ ಅಂಗಡಿಯಿಂದ ಸೀಲ್ ಮಾಡಿದ, ಹಸಿರು ಚುಕ್ಕೆಯಿರುವ ಒಂದು ಮಿಠಾಯಿ ಪೊಟ್ಟಣ ತರಿಸಿ ಮಗಳ ಕೈಯಲ್ಲಿ ಕಳಿಸಿದೆ.

ಮಧ್ಯಾಹ್ನ ಟೀಚರಮ್ಮ ತಾವೇ ಬಂದರು. ತಟ್ಟೆಯಲ್ಲಿ ಬಾಳೆಎಲೆಯ ಮೇಲೆ ಬಿಸಿ ಒಬ್ಬಟ್ಟು, ಪಕ್ಕದ ಬಟ್ಟಲಲ್ಲಿ ತುಪ್ಪ. "ಬೆಳಿಗ್ಗೆ ಏಲಕ್ಕಿ ವಾಸನೆ ಘಂ ಅಂತಿತ್ತು ಕಣಮ್ಮ, ಖತಾಯಿ ಮಾಡಿದ್ದೀಯ ಅಂದ್ಕೊಂಡೆ. ಈ ಸಲ ಮಾಡಲಿಲ್ವಾ?" ಎಂದು ಕೇಳಿದರು. ನಾನು, "ಇಲ್ಲ ಟೀಚರ್, ಹಿಟ್ಟು ಸರಿಯಾಗಿ ಬರಲಿಲ್ಲ" ಎಂದೆ. ಹಬ್ಬದ ದಿನ, ಮನೆಯೆಲ್ಲ ಖತಾಯಿಯ ಪರಿಮಳ ತುಂಬಿಕೊಂಡಿರುವಾಗ ಆಡಿದ ಸುಳ್ಳು. ಅವರು ತಮ್ಮ ಒಲೆಯ ಒಬ್ಬಟ್ಟು ತಂದಿದ್ದರು, ನಾನು ಪೊಟ್ಟಣ ಕಳಿಸಿದ್ದೆ. 1991ರಲ್ಲಿ ನಮ್ಮಲ್ಲಿ ಇಲ್ಲದ್ದು ಡಾಲ್ಡಾ. ಈ ವರ್ಷ ತುಪ್ಪಕ್ಕೇನೂ ಕೊರತೆಯಿರಲಿಲ್ಲ.

ಮರುದಿನ ಬೆಳಿಗ್ಗೆ ಅವರದೇ ತಟ್ಟೆಯಲ್ಲಿ ಇಪ್ಪತ್ತು ಖತಾಯಿ ಜೋಡಿಸಿ ನಾನೇ ಹೋದೆ. ನಿಜ ಹೇಳಿದೆ. ಅವರು ಒಂದನ್ನು ಮುರಿದು ಕಾಫಿಯಲ್ಲಿ ಅದ್ದಿಕೊಂಡು, "ನನಗೂ ಹಂಗೇ ಅನ್ನಿಸಿತ್ತು, ಬಿಡು" ಎಂದರು. ಬೇಸರವಾಗಿತ್ತೋ ಇಲ್ಲವೋ, ಹೇಳಲಿಲ್ಲ.

ಇದರಿಂದ ಊರಿನ ಗಾಳಿ ಬದಲಾಯಿತೆಂದು ನಾನು ಹೇಳುತ್ತಿಲ್ಲ. ಅದೇ ರಸ್ತೆಯ ಇನ್ನೊಂದು ಮನೆಯವರು, "ಸಕ್ಕರೆ ಕಾಯಿಲೆ ಇದೆ, ಬೇಡಮ್ಮ" ಎಂದು ಬಾಗಿಲಲ್ಲೇ ತಟ್ಟೆ ಹಿಂದಿರುಗಿಸಿದರು. ಅದು ಕಾಯಿಲೆಯೋ ನೆಪವೋ ನನಗೆ ತಿಳಿಯಲಿಲ್ಲ. ಮುಂದಿನ ವರ್ಷ ಹಸಿಮೆಣಸು, ಕೊತ್ತಂಬರಿ, ಕರಿಬೇವು ಹಾಕಿ ಖಾರಾ ಬಿಸ್ಕತ್ತು ಮಾಡಿ ಕಳಿಸಿದೆ. ತಟ್ಟೆ ಒಳಗೆ ಹೋಯಿತು. ವಾಪಸ್ ಬರುವಾಗ ಅದರಲ್ಲಿ ನಾಲ್ಕು ನಂಜನಗೂಡು ರಸಬಾಳೆ ಇತ್ತು.

ಮಗಳೇ, ನೂರು ಖತಾಯಿ ಯಾಕೆಂದರೆ ಅದು ತಿನ್ನಲಿಕ್ಕೆ ಮಾಡುವ ತಿಂಡಿಯಲ್ಲ, ಹೊಸ್ತಿಲು ದಾಟಿಸಲಿಕ್ಕೆ ಮಾಡುವ ತಿಂಡಿ. ಓವನ್ನಿಂದ ತೆಗೆದ ಕೂಡಲೇ ಮುಟ್ಟಬೇಡ, ಆಗ ಅದು ಮೆತ್ತಗಿರುತ್ತದೆ. ತಣಿದ ಮೇಲೆ ಗಟ್ಟಿಯಾಗುತ್ತದೆ. ಇಡಿಯವನ್ನು ತಟ್ಟೆಗಳಿಗೆ ಜೋಡಿಸು, ಮುರಿದವು ನಮ್ಮ ಚಹಾಕ್ಕೆ. ಚೀಟಿ ನಾನು ಬರೆಯುತ್ತೇನೆ. ಅಗೋ, ನಿನ್ನ ನಾನಿ ಮಂಚದ ಮೇಲಿನಿಂದಲೇ ಕೂಗುತ್ತಿದ್ದಾರೆ: "ಟೀಚರಮ್ಮನ ತಟ್ಟೆ ಮೊದಲು ತೊಳೆದಿಡಿ."