ಹಡಗಿನವರಿಗೆ ಎಟುಕದ ಮಲೆನಾಡು

ಮಳೆಗಾಲ ಮುಗಿದು ಕಡಲು ಶಾಂತವಾದ ಮೇಲೆ ಪಣಂಬೂರಿನ ನವ ಮಂಗಳೂರು ಬಂದರಿಗೆ ಪ್ರವಾಸಿ ಹಡಗುಗಳು ಬರತೊಡಗುತ್ತವೆ. ಕೋವಿಡ್ ಕಾಲದಲ್ಲಿ ನಿಂತುಹೋಗಿದ್ದ ಈ ಓಡಾಟ 2022ರ ನವೆಂಬರಿನಲ್ಲಿ ‘ಯುರೋಪಾ 2’ ಎಂಬ ಹಡಗು ಬಂದು ಮತ್ತೆ ಆರಂಭವಾಯಿತು. ಮಕ್ಕಳೇ, ಈ ಹಡಗೆಂದರೆ ನೀರಿನ ಮೇಲೆ ತೇಲುವ ದೊಡ್ಡ ಹೋಟೆಲು. ರಾತ್ರಿಯೆಲ್ಲ ಪ್ರಯಾಣ, ಬೆಳಗಾದರೆ ಒಂದು ಊರು, ಸಂಜೆಗೆ ಮತ್ತೆ ಹೊರಡುವುದು. ಇಳಿದವರಿಗೆ ಚೆಂಡೆ ಬಾರಿಸಿ, ಯಕ್ಷಗಾನದ ವೇಷ ನಿಲ್ಲಿಸಿ ಸ್ವಾಗತ ಮಾಡುತ್ತಾರೆ. ಆಮೇಲೆ ಬಸ್ಸು ಹತ್ತಿಸಿ ಕಾರ್ಕಳಕ್ಕೆ ಕರೆದೊಯ್ದು 1432ರ, 42 ಅಡಿ ಎತ್ತರದ ಗೊಮ್ಮಟನನ್ನು ತೋರಿಸುತ್ತಾರೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆಚಿತ್ರಗಳು, ಒಂದು ಗೇರುಬೀಜದ ಕಾರ್ಖಾನೆ. ಅಷ್ಟು ನೋಡಿಸಿ ಸಂಜೆಯೊಳಗೆ ಹಡಗಿಗೆ ವಾಪಸು.

“ಅವರನ್ನು ನಮ್ಮ ಕಡೆಗೂ ಕರೆತರಬಾರದೇ?” ಎಂದು ಶಿವಮೊಗ್ಗ, ಭದ್ರಾವತಿಯವರು ಕೇಳುವುದು ಸಹಜ. ಮಲೆನಾಡಿನ ಹೆಬ್ಬಾಗಿಲು ನಮ್ಮದು ತಾನೆ! ಹಡಗಿನ ಮೇಲೆ ನಿಂತವರಿಗೆ ಪೂರ್ವಕ್ಕೆ ಘಟ್ಟದ ಸಾಲು ನೀಲಿ ಗೋಡೆಯ ಹಾಗೆ ಕಾಣುತ್ತದೆ. ಹಿಂದಿನ ಕಾಲದ ನಾವಿಕರಿಗೆ ಕುದುರೆಯ ಮೋರೆಯಂಥ ಆ ಕುದುರೆಮುಖ ಶಿಖರವೇ ದಾರಿಯ ಗುರುತು. ಕಣ್ಣಿಗೆ ಕಾಣುವುದು ಕಾಲಿಗೂ ಎಟುಕಬೇಕಲ್ಲ?

ನೀವೇ ಲೆಕ್ಕ ಹಾಕಿ. ಬೆಳಿಗ್ಗೆ ಎಂಟೂವರೆಗೆ ಬಂದರಿನ ಗೇಟು ದಾಟಿದರು, ಸಂಜೆ ಐದಕ್ಕೆ ಮರಳಿ ಬರಬೇಕು ಎಂದುಕೊಳ್ಳೋಣ. ಕೈಯಲ್ಲಿರುವುದು ಎಂಟೂವರೆ ಗಂಟೆ. ಶಿವಮೊಗ್ಗಕ್ಕೆ ಆಗುಂಬೆ, ತೀರ್ಥಹಳ್ಳಿಯ ಮೇಲೆ ಸುಮಾರು 195 ಕಿಲೋಮೀಟರು. ಘಟ್ಟದ ದಾರಿಯಾದ್ದರಿಂದ ಐದು ಗಂಟೆ ಬೇಕು. ಹೋಗಿ ಬರಲು ಹತ್ತು. ಖಾತೆಯಲ್ಲಿ ಎಂಟೂವರೆ ಇಟ್ಟುಕೊಂಡು ಹತ್ತು ತೆಗೆಯಲು ಬಂದವರನ್ನು ನಾವು ಬ್ಯಾಂಕಿನ ಕೌಂಟರಿನಿಂದಲೇ ವಾಪಸು ಕಳಿಸುತ್ತಿದ್ದೆವು. ತಡವಾದರೆ ಆಯಿತು, ಹಡಗು ಕಾಯಲಿ ಎನ್ನುವಂತಿಲ್ಲ. ಹಡಗಿನವರೇ ಗೊತ್ತುಮಾಡಿದ ಬಸ್ಸಿಗಾಗಿ ಸಾಮಾನ್ಯವಾಗಿ ಕಾಯುತ್ತಾರೆ. ತಾವಾಗಿ ಟ್ಯಾಕ್ಸಿ ಹಿಡಿದು ಹೋದವರಿಗಾಗಿ ಕಾಯುವುದಿಲ್ಲ.

ಸರಿ, ಆಗುಂಬೆಯ ತನಕವಾದರೂ? ಅದು ನೂರೇ ಕಿಲೋಮೀಟರು. ಆದರೆ ಆ ಘಟ್ಟದಲ್ಲಿ 14 ಹೇರ್‌ಪಿನ್ ತಿರುವುಗಳು. ಭಾರಿ ವಾಹನಗಳಿಗೆ ಪ್ರವೇಶವಿಲ್ಲ. ಉಡುಪಿಗೆ ಹೋಗುವ ನಮ್ಮ ಜನರೂ ಮಿನಿ ಬಸ್ಸಿನಲ್ಲೇ ಇಳಿಯುವುದು. ಹವಾನಿಯಂತ್ರಿತ ದೊಡ್ಡ ಬಸ್ಸು ಕುದುರೆಮುಖದ ಕಾಡುದಾರಿಯಲ್ಲಿ ಶೃಂಗೇರಿ ಸುತ್ತಿ ಬರಬೇಕು. ಆಗುಂಬೆಗೆ ಸುರಂಗ ಬೇಕೆಂಬ ಮಾತು ಆಗಾಗ ಏಳುತ್ತದೆ. ಒಳ್ಳೆಯ ದಾರಿ ಬೇಕಾಗಿರುವುದು ಮಣಿಪಾಲದ ಆಸ್ಪತ್ರೆಗೆ ಧಾವಿಸುವ ಮಲೆನಾಡಿನ ರೋಗಿಗೆ. ಅರ್ಧ ದಿನದ ಪ್ರವಾಸಿಯ ಹೆಸರಿನಲ್ಲಿ ಅದನ್ನು ಕೇಳುವುದು ನನಗೆ ಸರಿಕಾಣದು.

ದೂರಕ್ಕಿಂತ ದೊಡ್ಡ ತೊಡಕು ಕಾಲದ್ದು. ಹಡಗು ಬರುವುದು ಮಳೆ ನಿಂತ ಮೇಲೆ. ಮಲೆನಾಡು ಮೈದುಂಬುವುದು ಮಳೆಯಲ್ಲಿ. 830 ಅಡಿ ಧುಮುಕುವ ಜೋಗ ಜುಲೈ, ಆಗಸ್ಟಿನಲ್ಲಿ ಭೋರ್ಗರೆಯುತ್ತದೆ. ಹಡಗಿನವರು ಫೆಬ್ರುವರಿಯಲ್ಲಿ ಬಂದರೆ ಶರಾವತಿಯ ನೀರೆಲ್ಲ ಲಿಂಗನಮಕ್ಕಿ ಅಣೆಕಟ್ಟಿನ ಹಿಂದೆ ನಿಂತಿರುತ್ತದೆ. ಕಾಣುವುದು ಬಂಡೆ, ಅದರ ಮೇಲೆ ನಾಲ್ಕು ಬಿಳಿ ಎಳೆ. ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುವುದೂ ಮಳೆಗಾಲದಲ್ಲೇ. ಮರಿಗಳಿಗೆ ರೆಕ್ಕೆ ಬಲಿತ ಮೇಲೆ ಮರಗಳು ಖಾಲಿ.

ಹಾಗಾದರೆ ಕಡಲ ದಾರಿಯಲ್ಲಿ ಬಂದವರು ಯಾರೂ ಜೋಗ ನೋಡಿಲ್ಲವೇ? ನೋಡಿದ್ದಾರೆ. ಬ್ರಿಟಿಷರ ಕಾಲದಲ್ಲಿ ಬೊಂಬಾಯಿಯಿಂದ ಕರಾವಳಿಯ ಸ್ಟೀಮರಿನಲ್ಲಿ ಹೊನ್ನಾವರಕ್ಕೆ ಬಂದು, ಅಲ್ಲಿಂದ ದೋಣಿಯಲ್ಲಿ ಶರಾವತಿಯ ಮೇಲೆಯೇ ಗೇರುಸೊಪ್ಪೆಯ ತನಕ ಸಾಗಿ, ಆಮೇಲೆ ಘಟ್ಟ ಹತ್ತುತ್ತಿದ್ದರು. ಇಂಗ್ಲಿಷಿನವರು ಜೋಗವನ್ನು ‘ಗೇರುಸೊಪ್ಪೆ ಜಲಪಾತ’ ಎಂದೇ ಕರೆದದ್ದು. ನದಿಯ ಒಂದು ದಡ ಬೊಂಬಾಯಿಗೆ, ಇನ್ನೊಂದು ಮೈಸೂರಿಗೆ ಸೇರಿತ್ತು. ಎರಡು ದಡದಲ್ಲೂ ಒಂದೊಂದು ಬಂಗಲೆ. ಬಂದವರು ಅಲ್ಲಿ ತಂಗಿ, ಬೆಳಗಿನ ಬಿಸಿಲಿನಲ್ಲೊಮ್ಮೆ, ಸಂಜೆಯ ಬಿಸಿಲಿನಲ್ಲೊಮ್ಮೆ ಅದೇ ನೀರನ್ನು ನೋಡುತ್ತಿದ್ದರು. ಅವರಿಗೂ ಊರಿಗೆ ಮರಳುವ ತುರ್ತಿತ್ತು, ಆದರೆ ಅದೇ ಸಂಜೆ ಅಲ್ಲ.

ಹಡಗಿನವರನ್ನು ನೋಡಿ ನಗುವ ಮೊದಲು ನಮ್ಮವರ ಒಂದು ದಿನದ ಪ್ರವಾಸಗಳನ್ನೂ ನೋಡಬೇಕು. ಬೆಳಗಿನ ಐದಕ್ಕೆ ಭದ್ರಾವತಿ ಬಿಟ್ಟ ವ್ಯಾನು ಸಕ್ರೆಬೈಲು, ತೀರ್ಥಹಳ್ಳಿ, ಕುಪ್ಪಳ್ಳಿ, ಶೃಂಗೇರಿ, ಹೊರನಾಡು, ಆಗುಂಬೆ ಎಲ್ಲ ಮುಗಿಸಿ ಮಧ್ಯರಾತ್ರಿಗೆ ಮನೆ ಸೇರಬೇಕಂತೆ! ಅರ್ಧ ದಾರಿಯಲ್ಲೇ ಮಕ್ಕಳು ಸೀಟಿನ ಮೇಲೆ ಬಾಯಿ ತೆರೆದು ಮಲಗಿರುತ್ತಾರೆ. ಎಬ್ಬಿಸಿ, ಫಲಕದ ಮುಂದೆ ನಿಲ್ಲಿಸಿ, ಫೋಟೋ ತೆಗೆದು ಮತ್ತೆ ಹತ್ತಿಸುವುದು. ಇತ್ತ ಬೇಲೂರು, ಹಳೇಬೀಡು ನೋಡಿ ಬಂದ ಭದ್ರಾವತಿಯ ಎಷ್ಟು ಮಕ್ಕಳು ನಮ್ಮ ಹಳೇ ಊರಿನ ಲಕ್ಷ್ಮೀನರಸಿಂಹ ದೇವಸ್ಥಾನದ ಸುತ್ತ ಒಮ್ಮೆ ನಿಧಾನವಾಗಿ ನಡೆದಿದ್ದಾರೆ? ಅದೂ ಹೊಯ್ಸಳರ ಕಾಲದ್ದೇ, ಮೂರು ಗರ್ಭಗುಡಿಗಳ ತ್ರಿಕೂಟ. ಬಸ್ಸಿನ ಖರ್ಚೂ ಇಲ್ಲ.

ನನ್ನನ್ನು ಕೇಳಿದರೆ, ಒಂದು ದಿನಕ್ಕೆ ಎರಡು ಜಾಗ ಸಾಕು. ಬೆಳಿಗ್ಗೆ ಎಂಟೂವರೆಗೆ ಸಕ್ರೆಬೈಲು. ಶಿವಮೊಗ್ಗದಿಂದ 14 ಕಿಲೋಮೀಟರು. ಅಲ್ಲಿನ ಆನೆಗಳನ್ನು ರಾತ್ರಿ ಮೇಯಲು ಕಾಡಿಗೆ ಬಿಡುತ್ತಾರೆ, ಕಾಲಿಗೊಂದು ಸರಪಳಿ ಇಟ್ಟು. ಬೆಳಗಾದ ಮೇಲೆ ಕಾವಾಡಿಗಳು ನೆಲದ ಮೇಲೆ ಸರಪಳಿ ಎಳೆದ ಗುರುತು ಹಿಡಿದು ಹೋಗಿ ಕರೆತರುತ್ತಾರೆ. ಗಾಜನೂರಿನ ಹಿನ್ನೀರಿನಲ್ಲಿ ಆನೆ ಮಗ್ಗುಲಾಗಿ ಮಲಗುತ್ತದೆ. ಮಾವುತ ಕಿವಿಯ ಹಿಂದೆ ಉಜ್ಜುತ್ತಾನೆ. ಮರಿ ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ಸ್ನಾನವಾದ ಮೇಲೆ ಹುಲ್ಲಿನಲ್ಲಿ ಭತ್ತ, ಬೆಲ್ಲ ಇಟ್ಟು ಕಟ್ಟಿದ ಕುಸುರೆ. ಹನ್ನೊಂದರ ಹೊತ್ತಿಗೆ ಎಲ್ಲ ಮುಗಿದು ಆನೆಗಳು ಮತ್ತೆ ಕಾಡಿನ ಕಡೆ ಹೊರಡುತ್ತವೆ. ಪಣಂಬೂರಿನಿಂದ ಎಷ್ಟೇ ವೇಗವಾಗಿ ಬಂದರೂ ಇದು ಸಿಗುವಂಥದ್ದಲ್ಲ; ಶಿವಮೊಗ್ಗದ ಮಕ್ಕಳಿಗೆ ತಿಂಡಿ ತಿಂದು ಹೊರಟರೂ ಸಿಗುತ್ತದೆ.

ಅಲ್ಲಿಂದ ತೀರ್ಥಹಳ್ಳಿಯಲ್ಲಿ ಊಟ, ತುಂಗೆಯ ದಡದಲ್ಲಿ ಸ್ವಲ್ಪ ಹೊತ್ತು ಕೂರುವುದು, ಐದರೊಳಗೆ ಆಗುಂಬೆ. ಮಳೆಗಾಲದಲ್ಲಿ ಅಲ್ಲಿ ಎದುರಿಗಿದ್ದವರ ಮುಖವೂ ಕಾಣದಷ್ಟು ಮಂಜು. ಸೂರ್ಯಾಸ್ತಕ್ಕೆ ನವೆಂಬರಿನಿಂದ ಜನವರಿಯವರೆಗಿನ ದಿನಗಳೇ ಸರಿ. ನೋಡಿ, ಇದೊಂದು ಮಾತ್ರ ಹಡಗಿನ ಕಾಲಕ್ಕೆ ಹೊಂದುತ್ತದೆ. ಆದರೆ ಗಂಟೆ ಹೊಂದುವುದಿಲ್ಲ. ಸೂರ್ಯ ಕೆಂಪಾಗುವ ಹೊತ್ತಿಗೆ ಅವರು ಹಡಗಿನೊಳಗೆ ಇರಲೇಬೇಕು.

ಆಗುಂಬೆಯ ಕಟ್ಟೆಯ ಮೇಲೆ ನಿಂತರೆ ಕಾಡು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ, ಆಚೆ ಕರಾವಳಿಯ ಬಯಲು. ಆಕಾಶ ತಿಳಿಯಾಗಿದ್ದ ದಿನ ಅದರ ತುದಿಯಲ್ಲಿ ಕಡಲು ತಗಡಿನಂತೆ ಹೊಳೆಯುತ್ತದೆ. ಸೂರ್ಯ ಮುಳುಗುವಾಗ ದುಂಡಗೆ ಇರುವುದಿಲ್ಲ. ಅಡಿ ಚಪ್ಪಟೆಯಾಗಿ ಒಮ್ಮೊಮ್ಮೆ ಗಡಿಗೆಯ ಹಾಗೆ ಕಾಣುತ್ತದೆ. ಮುಳುಗಿದ ಕೂಡಲೇ ಜನ ವಾಹನಗಳ ಕಡೆ ಓಡುತ್ತಾರೆ. ನೀವು ಇನ್ನೂ ಕಾಲು ಗಂಟೆ ನಿಲ್ಲಿ. ಬಣ್ಣಗಳು ಬರುವುದೇ ಆಮೇಲೆ.